ಭಾಗೀರಥಿ ಎಲ್ಲಿ ಹಾಡಬೇಕು? ಕಥೆಯೊಂದನ್ನು ಹಾಡಿನ ನಾಟಕ ಮಾಡುವ ಬಗೆ

ಭಾಗೀರಥಿ ತವರಿಗೆ ಬಂದಿದ್ದಾಳೆ. ಮುಖ ಬಾಡಿದೆ. ಕಟ್ಟಿಸಿದ ಕೆರೆಗೆ ನೀರು ಬಂದಿಲ್ಲ, ಜ್ಯೋತಿಷಿಯ ಮಾತು ಕೇಳಿ ಅವಳನ್ನು ಅದಕ್ಕೆ ಬಲಿ ಕೊಡುವ ಮಾತು ಗಂಡನ ಮನೆಯಲ್ಲಿ ಆಗಿಹೋಗಿದೆ. ಯಾಕಮ್ಮ ಹೀಗಿದ್ದೀಯ ಅಂತ ಅಪ್ಪ ಕೇಳಿದರೆ ಅವಳು ಅದನ್ನು ಹೇಳುವುದಿಲ್ಲ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ಅಷ್ಟೇ ತಾನೆ, ಇಟ್ಟರೆ ಇಡಲಿ, ಹೊಲ ಮನೆ ನಾನು ಕೊಡುತ್ತೇನೆ ಅಂತ ಅಪ್ಪ ಸಮಾಧಾನ ಮಾಡುತ್ತಾನೆ.

'ಕೆರೆಗೆ ಹಾರ' ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಓದಿದ ಜನಪದ ಕಥನಗೀತೆ. ನಮ್ಮ ಬಡಾವಣೆಯ ಹವ್ಯಾಸಿ ತಂಡ ಅದನ್ನು ನಾಟಕ ಮಾಡಲು ಕೂತಾಗ ಭಾಗೀರಥಿಯ ಮೊದಲ ಹಾಡು ಎಲ್ಲಿರಬೇಕು ಅಂತ ವಾರಗಟ್ಟಲೆ ವಾದ ನಡೆಯಿತು. ಕೊನೆಗೆ ಜಾಗ ಸಿಕ್ಕಿದ್ದು ಇಲ್ಲಿ. ಅಪ್ಪ ಸಮಾಧಾನ ಹೇಳಿ ಒಳಗೆ ಹೋಗುತ್ತಾನೆ. ಅಂಗಳದಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ. ಎದೆಯಲ್ಲಿ ಇರುವುದನ್ನು ಯಾರ ಮುಂದೆಯೂ ಹೇಳುವಂತಿಲ್ಲ. ಆ ಗಳಿಗೆಗೆ ಹಾಡು ಬೇಕೇ ಬೇಕು.

ಮಾತು ಎಲ್ಲಿ ಸೋಲುತ್ತದೋ ಅಲ್ಲಿ ಹಾಡು. ಹತ್ತು ವರ್ಷದ ತಾಲೀಮಿನಲ್ಲಿ ನಾನು ಕಲಿತದ್ದು ಮುಖ್ಯವಾಗಿ ಇದನ್ನೇ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ದೊಡ್ಡ ಮ್ಯೂಸಿಕಲ್‌ಗಳಿಗೂ, ಅಂದರೆ ಅಲ್ಲಿನ ಹಾಡಿನ ನಾಟಕಗಳಿಗೂ, ನಮ್ಮ ಉತ್ತರ ಕರ್ನಾಟಕದ ಜನಪದ ಆಟಗಳಾದ ಸಣ್ಣಾಟ, ಪಾರಿಜಾತಗಳಿಗೂ ಇದು ಒಂದೇ. ಹತ್ತು ಹದಿನೈದು ಜನ, ಒಂದು ಹಾರ್ಮೋನಿಯಂ, ಒಂದು ತಬಲ, ಎರಡು ತಿಂಗಳ ಸಂಜೆಗಳು ಇದ್ದರೆ ಒಂದು ಗಂಟೆಯ ಹಾಡಿನ ನಾಟಕ ಮಾಡಬಹುದು. ಕಾಲೇಜಿನವರಿಗೆ, ಅಪಾರ್ಟ್‌ಮೆಂಟಿನವರಿಗೆ, ಪರದೇಶದ ಕನ್ನಡ ಸಂಘದವರಿಗೆ ಉಪಯೋಗವಾಗಲಿ ಅಂತ ನಾವು ಮಾಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಕಥೆ ಆರಿಸಿ

ಹಾಡಿನ ನಾಟಕಕ್ಕೆ ಕಥೆ ಎಲ್ಲಿಂದಲಾದರೂ ಬರಬಹುದು. 'ಮೈ ಫೇರ್ ಲೇಡಿ' ಬಂದದ್ದು ಬರ್ನಾರ್ಡ್ ಶಾನ 'ಪಿಗ್ಮೇಲಿಯನ್' ನಾಟಕದಿಂದ. 'ಹ್ಯಾಮಿಲ್ಟನ್' ಬಂದದ್ದು ರಾನ್ ಚೆರ್ನೋ 2004ರಲ್ಲಿ ಪ್ರಕಟಿಸಿದ ದಪ್ಪ ಜೀವನಚರಿತ್ರೆಯಿಂದ. 'ಕ್ಯಾಟ್ಸ್' ಬಂದದ್ದು ಟಿ.ಎಸ್. ಎಲಿಯಟ್ ಮಕ್ಕಳಿಗಾಗಿ ಬರೆದ ಬೆಕ್ಕಿನ ಪದ್ಯಗಳಿಂದ. ನಮ್ಮ 'ಸಂಗ್ಯಾ ಬಾಳ್ಯಾ' ಸಣ್ಣಾಟ ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯ ಕಥೆ. ಗಿರೀಶ ಕಾರ್ನಾಡರ 'ಹಯವದನ' ಇನ್ನೂ ದೂರದಿಂದ ಬಂತು. ಕಥಾಸರಿತ್ಸಾಗರದ ಬೇತಾಳ ಕಥೆಯನ್ನು ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಕಿರುಕಾದಂಬರಿ ಮಾಡಿದ. ಆ ದಾರಿ ಹಿಡಿದು ಅದೇ ಕಥೆ 1971ರಲ್ಲಿ ಕನ್ನಡ ನಾಟಕವಾಗಿ ಮನೆಗೆ ಮರಳಿತು.

ಹಾಗಾದರೆ ನಿಮ್ಮ ತಂಡಕ್ಕೆ ಯಾವ ಕಥೆ? ನಾನು ಎರಡು ಪ್ರಶ್ನೆ ಕೇಳುತ್ತೇನೆ. ಕಥೆಯೊಳಗೆ ಯಾರಿಗಾದರೂ ಏನಾದರೂ ತುಂಬಾ ಬೇಕಾಗಿದೆಯಾ? ಅದನ್ನು ಬಾಯಿಬಿಟ್ಟು ಕೇಳಲು ಅವರಿಗೆ ಆಗದ ಕಾರಣ ಇದೆಯಾ? ಎರಡಕ್ಕೂ ಹೌದು ಅಂತಾದರೆ ಆ ಕಥೆ ಹಾಡುತ್ತದೆ. ಒಬ್ಬನ ತಲೆಯೊಳಗಿನ ವಿಚಾರವೇ ಜಾಸ್ತಿ ಇರುವ ಕಥೆ ಓದಲು ಎಷ್ಟೇ ಚೆನ್ನಾಗಿದ್ದರೂ ಮೊದಲ ಪ್ರಯತ್ನಕ್ಕೆ ಬೇಡ.

ಕಥೆ ಇಷ್ಟವಾದ ಕೂಡಲೇ ಹಕ್ಕಿನ ವಿಷಯ ನೋಡಿಕೊಳ್ಳಿ. ಇದನ್ನು ಕೊನೆಗೆ ಬಿಡಬೇಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರದ್ದು. ಮುಂದಿನ ಜನವರಿಯಿಂದ ಲೆಕ್ಕ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರ ಪದ್ಯ ಕಥೆಗಳು ಈಗ ಎಲ್ಲರವು. ಅನುವಾದ ಬಳಸುತ್ತೀರಾದರೆ ಅನುವಾದಕರ ಹಕ್ಕು ಬೇರೆ. ಜನಪದ ಕಥೆ ಯಾರ ಸ್ವತ್ತೂ ಅಲ್ಲ, ಆದರೆ ಒಬ್ಬರು ತಮ್ಮ ಮಾತಿನಲ್ಲಿ ಬರೆದ ರೂಪ ಅವರದ್ದು. ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನಕ್ಕೆ ಕಾಯಿದೆಯಲ್ಲಿ ಒಂದಿಷ್ಟು ಸಡಿಲಿಕೆ ಇದೆ ನಿಜ. ಅದು ಇರುವ ನಾಟಕವನ್ನು ಇರುವ ಹಾಗೆ ಆಡುವುದಕ್ಕೆ. ಕಾದಂಬರಿಯನ್ನು ನಾಟಕ ಮಾಡುವುದು ಬೇರೆಯೇ ಹಕ್ಕು. ಒಂದು ಪತ್ರ ಬರೆದು ಕೇಳಿ. ನಾವು ಬರೆದು ಕೇಳಿದ ಮನೆಯವರು ಸಂತೋಷದಿಂದ ಒಪ್ಪಿದ್ದಾರೆ, ಮುಂದಿನ ಸಾಲಿನಲ್ಲಿ ಬಂದು ಕೂತಿದ್ದಾರೆ.

ಹಂತ 2: ಇದು ಯಾವುದರ ಕಥೆ ಅಂತ ಒಂದು ವಾಕ್ಯದಲ್ಲಿ ಬರೆಯಿರಿ

1964ರಲ್ಲಿ ಬಂದ 'ಫಿಡ್ಲರ್ ಆನ್ ದ ರೂಫ್' ಶೋಲೆಮ್ ಅಲೈಕೆಮ್ ಯಿಡ್ಡಿಷ್ ಭಾಷೆಯಲ್ಲಿ ಬರೆದ ಬಿಡಿ ಬಿಡಿ ಕಥೆಗಳಿಂದ ಹುಟ್ಟಿದ್ದು. ಟೆವ್ಯೆ ಅನ್ನುವ ಹಾಲು ಮಾರುವವ, ಅವನ ಹೆಣ್ಣುಮಕ್ಕಳ ಮದುವೆಗಳು. ನಿರ್ದೇಶಕ ಜೆರೋಮ್ ರಾಬಿನ್ಸ್ ಬರಹಗಾರರನ್ನು ಕೂರಿಸಿಕೊಂಡು ಇದು ಯಾವುದರ ಕಥೆ ಅಂತ ಪದೇ ಪದೇ ಕೇಳುತ್ತಿದ್ದರಂತೆ. ಹಾಲಿನವನ ಕಥೆ, ಮಕ್ಕಳ ಮದುವೆಯ ಕಥೆ ಅನ್ನುವ ಉತ್ತರ ಅವರಿಗೆ ಸಾಲಲಿಲ್ಲ. ಕೊನೆಗೆ ಒಬ್ಬರು ಇದು ಒಂದು ಸಂಪ್ರದಾಯ ಕರಗಿಹೋಗುವ ಕಥೆ ಅಂದರು. ಹಾಗಾದರೆ ಅದನ್ನೇ ಮೊದಲ ಹಾಡು ಮಾಡಿ ಅಂದರು ರಾಬಿನ್ಸ್. ಇವತ್ತಿಗೂ ಆ ನಾಟಕ 'ಟ್ರೆಡಿಷನ್' ಅನ್ನುವ ಹಾಡಿನಿಂದಲೇ ಶುರುವಾಗುತ್ತದೆ. ಆಮೇಲೆ ಬರುವ ಒಂದೊಂದು ಮದುವೆಯೂ ಆ ಹಾಡಿನ ಒಂದೊಂದು ಕಲ್ಲು ಕೀಳುತ್ತದೆ.

ನಾವೂ ಹಾಗೇ ಕೂತೆವು. 'ಕೆರೆಗೆ ಹಾರ' ಯಾವುದರ ಕಥೆ? ತ್ಯಾಗದ ಕಥೆ ಅಂದರು ಒಬ್ಬರು. ಮೂಢನಂಬಿಕೆಯ ಕಥೆ ಅಂದರು ಇನ್ನೊಬ್ಬರು. ಎರಡೂ ನಿಜವೇ. ಆದರೆ ತ್ಯಾಗ ಅಂದುಕೊಂಡರೆ ಕೊನೆಗೆ ಮಂಗಳಾರತಿ ಬೇಕಾಗುತ್ತದೆ. ಮೂಢನಂಬಿಕೆ ಅಂದುಕೊಂಡರೆ ಜ್ಯೋತಿಷಿಯೇ ದೊಡ್ಡ ಪಾತ್ರವಾಗಿಬಿಡುತ್ತಾನೆ. ನಮ್ಮ ತಂಡದ ಹಿರಿಯಮ್ಮ ಒಬ್ಬರು ಅಲ್ಲಿಯವರೆಗೆ ಸುಮ್ನೆ ಕೂತಿದ್ದವರು ಹೇಳಿದರು: "ಮನೆ ಮಂದಿಗೆಲ್ಲ ಗೊತ್ತು. ಅವಳಿಗೂ ಗೊತ್ತು. ಯಾರೂ ಬಾಯಿ ಬಿಡಲ್ಲ. ನಂಗೆ ಭಯ ಆಗೋದು ಅದಕ್ಕೆ."

ಅದೇ ನಮ್ಮ ವಾಕ್ಯವಾಯಿತು. ಎಲ್ಲರಿಗೂ ಗೊತ್ತಿದ್ದು ಯಾರೂ ಮಾತಾಡದ ಮನೆಯ ಕಥೆ. ಒಂದು ರಟ್ಟಿನ ಮೇಲೆ ಬರೆದು ತಾಲೀಮಿನ ಕೋಣೆಯ ಗೋಡೆಗೆ ಅಂಟಿಸಿದೆವು. ಮುಂದೆ ಯಾವ ಗೊಂದಲ ಬಂದರೂ ಉತ್ತರ ಗೋಡೆಯ ಮೇಲೇ ಇತ್ತು.

ಹಂತ 3: ಯಾರು ಹೇಳುತ್ತಾರೆ?

ಅದೇ ಕಥೆ, ಹೇಳುವವರು ಬೇರೆಯಾದರೆ ಬೇರೆ ನಾಟಕ. 2003ರ 'ವಿಕೆಡ್' ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1900ರಲ್ಲಿ ಬಾಮ್ ಬರೆದ ಓಜ್ ದೇಶದ ಮಕ್ಕಳ ಕಥೆಯಲ್ಲಿ ಮಾಟಗಾತಿ ಕೆಟ್ಟವಳು. ಗ್ರೆಗರಿ ಮ್ಯಾಗ್ವೈರ್ 1995ರ ಕಾದಂಬರಿಯಲ್ಲಿ ಅವಳ ಕಡೆಯಿಂದ ಕಥೆ ಹೇಳಿದರು. ಮ್ಯೂಸಿಕಲ್ ಅದನ್ನು ಇಬ್ಬರು ಗೆಳತಿಯರ ಕಥೆಯಾಗಿ ತಿರುಗಿಸಿತು.

ನಮ್ಮಲ್ಲಿ ಹೇಳುವವನಿಗೆ ರಂಗದ ಮೇಲೆ ಮೊದಲಿನಿಂದಲೂ ಜಾಗ ಇದೆ. ಯಕ್ಷಗಾನದಲ್ಲಿ ಭಾಗವತ, ಕಂಪನಿ ನಾಟಕದಲ್ಲಿ ಸೂತ್ರಧಾರ, ಸಣ್ಣಾಟದಲ್ಲಿ ಒಟ್ಟಿಗೆ ಹಾಡುವ ಮೇಳ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಮೈಸೂರಿನ ರಂಗಾಯಣ 2010ರಲ್ಲಿ ರಾತ್ರಿಯಿಡೀ ಆಡಿತು. ಸುಮಾರು ಒಂಬತ್ತು ಗಂಟೆಯ ನಾಟಕ. ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಹಂಸಲೇಖ ಸಂಗೀತ, ಸಿ. ಬಸವಲಿಂಗಯ್ಯ ನಿರ್ದೇಶನ. ಕಾಡಿನಷ್ಟು ದಟ್ಟವಾದ ಆ ಕಾದಂಬರಿಯನ್ನು ರಂಗಕ್ಕೆ ತರಲು ಅವರು ಊರೂರು ತಿರುಗಿ ಕಥೆ ಹೇಳುವ ಜೋಗಿಗಳಂಥವರನ್ನು ತಂದು ನಿಲ್ಲಿಸಿದರು. ಕಾದಂಬರಿಯಲ್ಲಿ ಲೇಖಕರು ಹೇಳುವ ಮಾತನ್ನೆಲ್ಲ ಅವರು ಹಾಡಿಕೊಂಡೇ ದಾಟಿಸುತ್ತಾರೆ. ನೀವು ಕಾದಂಬರಿ ಹಿಡಿದರೆ ಈ ಉಪಾಯ ನೆನಪಿಟ್ಟುಕೊಳ್ಳಿ.

ಭಾಗೀರಥಿಯ ಕಥೆಗೆ ಹೇಳುವವರು ಯಾರು ಅಂತ ಹುಡುಕುತ್ತ ನಾವು ಪದ್ಯವನ್ನು ಮತ್ತೆ ಓದಿದೆವು. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಪ್ಪನಿಗೆ ಸುಳ್ಳು ಹೇಳಿದ ಭಾಗೀರಥಿ ಆಮೇಲೆ ಗೆಳತಿಯ ಮನೆಗೆ ಹೋಗುತ್ತಾಳೆ. ಅವಳೊಬ್ಬಳಿಗೆ ಮಾತ್ರ ನಿಜ ಹೇಳುತ್ತಾಳೆ. ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು ಅಂತ ಗೆಳತಿ ಅನ್ನುತ್ತಾಳೆ. ಎಲ್ಲ ಮುಗಿದ ಮೇಲೆ ಗಂಡ ಮಾದೇವರಾಯ ದಂಡಿನಿಂದ ಓಡಿ ಬಂದು ಹೆಂಡತಿಯನ್ನು ಹುಡುಕುತ್ತಾನೆ. ಅವನಿಗೆ ನಿಜ ಹೇಳುವವಳೂ ಅದೇ ಗೆಳತಿ. ನಿಜ ಕೇಳಿದವಳು ಅವಳು, ನಿಜ ಹೇಳಿದವಳು ಅವಳು. ತಡೆಯಬಹುದಾಗಿದ್ದ ಒಂದೇ ಒಂದು ಬಾಯಿ ಅವಳದ್ದಾಗಿತ್ತು.

ಪದ್ಯದಲ್ಲಿ ಅವಳಿಗೆ ಹೆಸರೂ ಇಲ್ಲ. ನಮ್ಮ ನಾಟಕ ಪೂರ್ತಿ ಅವಳೇ ಹೇಳುತ್ತಾಳೆ. ವಯಸ್ಸಾಗಿದೆ, ಕೆರೆಯ ಏರಿಯ ಮೇಲೆ ಕೂತಿದ್ದಾಳೆ, ನೀರಿಗೆ ಬಂದ ಹುಡುಗಿಯರಿಗೆ ಹೇಳುತ್ತಾಳೆ. ಈ ತೀರ್ಮಾನ ಆದ ದಿನ ಅರ್ಧ ನಾಟಕ ಮುಗಿದ ಹಾಗೆ ಅನಿಸಿತು. ನೀವು ಆರಿಸಿದ ಕಥೆಯಲ್ಲೂ ಹೀಗೊಬ್ಬರು ಇದ್ದೇ ಇರುತ್ತಾರೆ. ಮೂಲೆಯಲ್ಲಿ ನಿಂತು ಎಲ್ಲ ನೋಡಿದವರು. ಅವರನ್ನು ಹುಡುಕಿ.

ಹಂತ 4: ಹಾಡಿನ ಜಾಗಗಳನ್ನು ಗುರುತಿಸಿ

ಇದೇ ಮುಖ್ಯವಾದ ಹಂತ. ಇದಕ್ಕೆ ಎರಡು ವಾರ ಕೊಡಿ.

ಕಥೆಯ ಒಂದೊಂದು ಘಟನೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಸಾಲಾಗಿ ಜೋಡಿಸಿ. ನಮಗೆ ಹದಿನಾಲ್ಕು ಚೀಟಿ ಬಂದವು. ಕೆರೆ ಕಟ್ಟಿದ್ದು, ನೀರು ಬಾರದ್ದು, ಜ್ಯೋತಿಷಿ ಹೇಳಿದ್ದು, ಯಾವ ಸೊಸೆ ಅನ್ನುವ ಮಾತು, ಹೀಗೆ. ಈಗ ಒಂದೊಂದು ಚೀಟಿಯ ಮುಂದೆ ಕೂತು ಕೇಳಿ: ಇಲ್ಲಿ ಮಾತಿಗೆ ಆಗದ ಕೆಲಸ ಏನಾದರೂ ಇದೆಯಾ?

ಮೂರು ಬಗೆಯ ಜಾಗ ನಮಗೆ ಸಿಕ್ಕವು. ಒಂದು, ಹೇಳಲಾಗದ್ದನ್ನು ಹೊತ್ತುಕೊಂಡ ಮನುಷ್ಯ ಒಬ್ಬಂಟಿಯಾಗುವ ಜಾಗ. ತವರಿನ ಅಂಗಳ ಅಂಥದ್ದು.

ಎರಡು, ಬಹಳ ಜನ, ಬಹಳ ಕಾಲ ಒಟ್ಟಿಗೆ ದಾಟಬೇಕಾದ ಜಾಗ. ಕೆರೆ ಅಗೆಯುವ ತಿಂಗಳುಗಳನ್ನು ಮಾತಿನಲ್ಲಿ ತೋರಿಸಿದರೆ ಹತ್ತು ಪುಟ. ಮಣ್ಣು ಹೊರುವ ಹಾಡು ಮೂರು ನಿಮಿಷ. ಮೊದಲ ಸೊಲ್ಲಿನಲ್ಲಿ ಉತ್ಸಾಹ, ಕೊನೆಯ ಸೊಲ್ಲಿನಲ್ಲಿ ಹನಿ ನೀರೂ ಇಲ್ಲದ ಗುಂಡಿ. ತಾಳ ಅದೇ, ದನಿ ಇಳಿದಿದೆ. ಅಷ್ಟರಲ್ಲಿ ಕಥೆ ಮುಂದೆ ಬಂದಿರುತ್ತದೆ.

ಮೂರು, ಹಂತ ಹಂತವಾಗಿ ಏರುವ ಜಾಗ. ಪೂಜೆ ಮುಗಿಸಿ ಎಲ್ಲರೂ ಮರಳುವಾಗ ಚಿನ್ನದ ಬಟ್ಟಲು ಕೆರೆಯಲ್ಲೇ ಉಳಿದಿದೆ ಅನ್ನುತ್ತಾರೆ. ಭಾಗೀರಥಿ ಒಬ್ಬಳೇ ತರಲು ಹೋಗುತ್ತಾಳೆ. ಅವಳು ಒಂದೊಂದು ಮೆಟ್ಟಿಲು ಹತ್ತಿದಂತೆ ನೀರೂ ಹತ್ತುತ್ತದೆ. ಪಾದ, ಮೊಣಕಾಲು, ನಡು. ಈ ಪದ್ಯ ಕಟ್ಟಿದ ಹೆಣ್ಣುಮಕ್ಕಳಿಗೆ ನಾಟಕ ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ. ಒಂದೇ ಸಾಲನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಉಸಿರು ಕಟ್ಟಿಸುತ್ತಾರೆ. ನಾವು ಇಲ್ಲಿ ಹೊಸ ಸಾಹಿತ್ಯ ಬರೆಯಲೇ ಇಲ್ಲ. ಮೂಲದ ಸಾಲುಗಳನ್ನೇ ಇಟ್ಟೆವು.

ಮೂಲ ಕಥೆಯಲ್ಲಿ ಕಾಣದೆ ನಡೆದುಹೋಗುವ ಸಂಗತಿಗಳ ಮೇಲೂ ಕಣ್ಣಿಡಿ. 'ಪಿಗ್ಮೇಲಿಯನ್' ಅನ್ನು ಮ್ಯೂಸಿಕಲ್ ಮಾಡಲು ರಾಡ್ಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಅಂಥ ದೊಡ್ಡ ಜೋಡಿಯೇ ಪ್ರಯತ್ನಿಸಿ ಕೈಬಿಟ್ಟಿತ್ತು. ಕೊನೆಗೆ 'ಮೈ ಫೇರ್ ಲೇಡಿ' ಮಾಡಿದ ಲರ್ನರ್ ಮತ್ತು ಲೋ ಕೂಡ ಒಮ್ಮೆ ಬಿಟ್ಟು ಮತ್ತೆ ಹಿಡಿದವರು. ದಾರಿ ಸಿಕ್ಕಿದ್ದು ಶಾ ತೋರಿಸದೆ ಬಿಟ್ಟ ಜಾಗದಲ್ಲಿ. ಹೂ ಮಾರುವ ಹುಡುಗಿ ಎಲೈಜಾ ಪ್ರೊಫೆಸರ್ ಮನೆಗೆ ಪಾಠಕ್ಕೆ ಬರುತ್ತಾಳೆ. ಆಮೇಲೆ ನೋಡಿದರೆ ಅವಳ ಮಾತು ಬದಲಾಗಿರುತ್ತದೆ. ನಡುವಿನ ತಿಂಗಳುಗಳು ಅಂಕಗಳ ನಡುವೆ ಪರದೆಯ ಹಿಂದೆ ಕಳೆದುಹೋಗಿವೆ. 1956ರ ಮ್ಯೂಸಿಕಲ್ ಆ ಪರದೆ ಎತ್ತಿತು. ಬಾರದ ಉಚ್ಚಾರ, ಬೈಗುಳ, ನಿದ್ದೆಗೆಟ್ಟ ರಾತ್ರಿ. ಕೊನೆಗೊಮ್ಮೆ ಒಂದು ವಾಕ್ಯ ಸರಿಯಾಗಿ ಬಂದು ಎಲೈಜಾ, ಪ್ರೊಫೆಸರ್, ಅವನ ಗೆಳೆಯ ಮೂವರೂ ಕುಣಿದಾಡುವ ಹಾಡು. ಇಡೀ ನಾಟಕದಲ್ಲಿ ಜನ ಜಾಸ್ತಿ ನೆನಪಿಟ್ಟುಕೊಂಡ ಜಾಗಗಳಲ್ಲಿ ಅದೂ ಒಂದು.

ಹಾಡು ಎಲ್ಲಿ ಬೇಡ ಅನ್ನುವುದೂ ಅಷ್ಟೇ ಮುಖ್ಯ. 1957ರ 'ವೆಸ್ಟ್ ಸೈಡ್ ಸ್ಟೋರಿ' ರೋಮಿಯೋ ಜೂಲಿಯೆಟ್ ಕಥೆಯನ್ನು ನ್ಯೂಯಾರ್ಕಿನ ಬೀದಿಗೆ ತಂದಿತು. ಕೊನೆಯಲ್ಲಿ ಪ್ರಿಯಕರನ ಹೆಣದ ಮುಂದೆ ಮರಿಯಾ ಪಿಸ್ತೂಲು ಹಿಡಿದು ನಿಂತು ಮಾತಾಡುತ್ತಾಳೆ. ಆ ಜಾಗಕ್ಕೆ ದೊಡ್ಡದೊಂದು ಹಾಡು ಕೂರಿಸಲು ಸಂಗೀತ ಕೊಟ್ಟ ಲೆನರ್ಡ್ ಬರ್ನ್‌ಸ್ಟೈನ್ ಮತ್ತೆ ಮತ್ತೆ ಪ್ರಯತ್ನಿಸಿದರು. ಆಗಲಿಲ್ಲ. ಮಾತೇ ಉಳಿಯಿತು. ಎರಡೂವರೆ ಗಂಟೆ ಹಾಡಿದವಳು ಅಲ್ಲಿ ಹಾಡದೆ ಇರುವುದೇ ನೋಡುವವರ ಎದೆಗೆ ಬಡಿಯುತ್ತದೆ. ನಾವು ಜ್ಯೋತಿಷಿಯ ಮಾತನ್ನು ಹಾಡು ಮಾಡಲಿಲ್ಲ. ಅವನಿಗೊಂದು ತಮಾಷೆಯ ಹಾಡು ಕೊಡೋಣ, ಚಪ್ಪಾಳೆ ಬೀಳುತ್ತೆ ಅಂತ ಹುಡುಗರಿಗೆ ಆಸೆ ಇತ್ತು. ಆದರೆ ಒಂದು ಹೆಣ್ಣನ್ನು ಕೊಲ್ಲುವ ಮಾತು ತರಕಾರಿ ಲೆಕ್ಕ ಹೇಳುವ ದನಿಯಲ್ಲಿ ಬಂದಾಗಲೇ ಮೈ ಜುಮ್ಮೆನ್ನುತ್ತದೆ.

ಎಲ್ಲ ಜಾಗ ಗುರುತಿಸಿದ ಮೇಲೆ ಪರೀಕ್ಷೆ ಮಾಡಿ. ಒಂದು ಹಾಡನ್ನು ತೆಗೆದುಬಿಡಿ. ಕಥೆ ಮುರಿಯದಿದ್ದರೆ ಆ ಹಾಡು ಬೇಡ. ಹಾಡು ಶುರು ಮಾಡಿದಾಗ ಇದ್ದ ಮನಸ್ಸಿನಲ್ಲೇ ಪಾತ್ರ ಹಾಡು ಮುಗಿಸುತ್ತಿದೆ ಅಂದರೂ ಬೇಡ. ನಮ್ಮ ಮೊದಲ ನಾಟಕದಲ್ಲಿ ಹದಿನೇಳು ಹಾಡು ತುಂಬಿದ್ದೆವು. ಹತ್ತನೆಯದಕ್ಕೆ ಹಿಂದಿನ ಸಾಲಿನವರು ಚಹಾಕ್ಕೆ ಎದ್ದು ಹೋದರು. ಈಗ ಒಂದು ಗಂಟೆಗೆ ಏಳು ದಾಟುವುದಿಲ್ಲ.

ಹಂತ 5: ಬಿಡುವುದನ್ನು ಬಿಡಿ, ಬದಲಿಸುವುದನ್ನು ಬದಲಿಸಿ

ಹಾಡು ಜಾಗ ತಿನ್ನುತ್ತದೆ. ಮಾತಿನ ನಾಟಕದಲ್ಲಿ ಹಿಡಿಸುವ ಕಥೆಯ ಅರ್ಧ ಮಾತ್ರ ಇಲ್ಲಿ ಹಿಡಿಸುತ್ತದೆ. ವಿಕ್ಟರ್ ಹ್ಯೂಗೋ 1862ರಲ್ಲಿ ಬರೆದ 'ಲೆ ಮಿಸೆರಾಬ್ಲ್' ಸಾವಿರಕ್ಕೂ ಹೆಚ್ಚು ಪುಟ. ಅದರಲ್ಲಿ ವಾಟರ್ಲೂ ಯುದ್ಧಕ್ಕೇ ಒಂದು ದೊಡ್ಡ ಭಾಗ. ಮ್ಯೂಸಿಕಲ್‌ನಲ್ಲಿ ಆ ಯುದ್ಧ ಇಲ್ಲ.

ಬದಲಿಸುವಾಗ ಕಾರಣ ಒಳಗಿನಿಂದ ಬರಲಿ. ರೋಮಿಯೋ ಜೂಲಿಯೆಟ್‌ನಲ್ಲಿ ಮದ್ದು ಕುಡಿದು ಸತ್ತಂತೆ ಮಲಗುವ ತಂತ್ರ ಇದೆ. 1950ರ ದಶಕದ ನ್ಯೂಯಾರ್ಕಿಗೆ ಅದು ಹೊಂದುವುದಿಲ್ಲ. 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಸಂದೇಶ ಒಯ್ಯುವ ಅನೀಟಾಳನ್ನು ಎದುರು ಗುಂಪಿನ ಹುಡುಗರು ಹಿಂಸಿಸುತ್ತಾರೆ. ಸಿಟ್ಟಿನಲ್ಲಿ ಅವಳು ಮರಿಯಾ ಸತ್ತಳು ಅಂದುಬಿಡುತ್ತಾಳೆ. ಹಗೆಯೇ ಸುಳ್ಳಾಗಿ ಬಂದು ಕೊಲ್ಲುತ್ತದೆ. ಈ ಬದಲಾವಣೆ ನನಗೆ ಮೂಲಕ್ಕಿಂತ ಗಟ್ಟಿ ಅನಿಸುತ್ತದೆ.

ಹಂತ 6: ಸಾಹಿತ್ಯ ಬರೆಯುವುದು

ತವರಿನ ಅಂಗಳದ ಹಾಡಿಗೆ ನಾನು ಮೊದಲು ಬರೆದ ಸಾಲು ಹೀಗಿತ್ತು: 'ಓ ವಿಧಿಯೇ, ಏನಿದು ನಿನ್ನ ಕ್ರೂರ ಲೀಲೆ.' ಭಾಗೀರಥಿ ಹೀಗೆ ಮಾತಾಡುವವಳಲ್ಲ ಅಂತ ಓದಿದ ಕೂಡಲೇ ಎಲ್ಲರೂ ಅಂದರು. ಅವಳ ಕಣ್ಣಿಗೆ ಆ ಅಂಗಳದಲ್ಲಿ ಏನು ಕಾಣುತ್ತದೆ ಅಂತ ಯೋಚಿಸಿ ಮತ್ತೆ ಬರೆದೆ.

ತವರೂರ ಬಾವಿಗೆ ಹೊಸ ಹಗ್ಗ ಹಾಕ್ಯಾರ
ಸೇದಿದ ನೀರು ತಂಪದ
ಕುಡಿದರ ಗಂಟಲಾಗ ಇಳಿವಲ್ದು ಯಪ್ಪ
ನೀರಂದ್ರ ಯಾಕೋ ನಡುಕದ

ವಿಧಿ ಅನ್ನುವ ಮಾತಿಲ್ಲ, ಸಾವು ಅನ್ನುವ ಮಾತಿಲ್ಲ. ಬಾವಿ, ಹಗ್ಗ, ನೀರು. ಹಾಡುವ ಪಾತ್ರದ ಕೈಗೆ ಸಿಗುವ ವಸ್ತುಗಳಿಂದಲೇ ಸಾಲು ಕಟ್ಟಿ.

ಕನ್ನಡದಲ್ಲಿ ಹಾಡು ಬರೆಯುವಾಗ ಒಂದು ತೊಡಕು ಇದೆ. ನಮ್ಮಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ಹಾಡುವವರು ಎಳೆದರೆ ಬಳೆ ಬಾಳೆಯಾಗುತ್ತದೆ, ನಡು ನಾಡಾಗುತ್ತದೆ, ಕಡು ಕಾಡಾಗುತ್ತದೆ. ಹಾಗಾಗಿ ಮಟ್ಟಿನಲ್ಲಿ ಎಳೆಯುವ ಜಾಗಕ್ಕೆ ದೀರ್ಘಾಕ್ಷರವೇ ಬರಲಿ. ಮೇಲಿನ ಸಾಲುಗಳಲ್ಲಿ 'ನೀರು' ಎಷ್ಟು ಬೇಕಾದರೂ ಎಳೆಯಬಹುದು. 'ಹಗ್ಗ' ಎಳೆಯಲು ಬಾರದು, ಅದು ತಾಳದ ಪೆಟ್ಟಿಗೆ ಕೂರುತ್ತದೆ. ಒತ್ತಕ್ಷರಗಳನ್ನು ಪೆಟ್ಟು ಬೀಳುವ ಕಡೆ ಇಟ್ಟರೆ ಹಾಡು ತಾನೇ ಓಡುತ್ತದೆ. ಉಸಿರು ತೆಗೆದುಕೊಳ್ಳುವ ಜಾಗ ಪದದ ನಡುವೆ ಬರದ ಹಾಗೆ ನೋಡಿಕೊಳ್ಳಿ. ಬರೆದದ್ದನ್ನು ಕೈಯಲ್ಲಿ ತಾಳ ಹಾಕಿಕೊಂಡು ಜೋರಾಗಿ ಓದಿ. ಎಡವಿದ ಕಡೆ ತಿದ್ದಿ.

ಭಾಷೆಯ ಧಾಟಿ ಬಗ್ಗೆ ಒಂದು ಮಾತು. ನಮ್ಮ ತಂಡದಲ್ಲಿ ಹುಬ್ಬಳ್ಳಿ ಕಡೆಯವರೂ ಇದ್ದಾರೆ, ಮಂಡ್ಯ ಕಡೆಯವರೂ ಇದ್ದಾರೆ. ಮಂಡ್ಯದ ಹುಡುಗಿಗೆ ಉತ್ತರ ಕರ್ನಾಟಕದ ಮಾತು ಬಾಯಿಪಾಠ ಮಾಡಿಸಿದಾಗ ಅದು ಅಣಕದ ಹಾಗೆ ಕೇಳಿಸಿತು. ಆ ಸೀಮೆಯ ಜನರಿಗೆ ಅದು ಅವಮಾನ. ಹಾಗಾಗಿ ಹಾಡುಗಳನ್ನು ಆ ಮಾತಿನಲ್ಲೇ ಇಟ್ಟು, ಸಂಭಾಷಣೆ ಅವರವರಿಗೆ ಬರುವ ಕನ್ನಡದಲ್ಲಿ ಆಡಿಸಿದೆವು. ಪ್ರೇಕ್ಷಕರು ಎರಡನ್ನೂ ಒಪ್ಪಿಕೊಂಡರು.

ಹಂತ 7: ಮಟ್ಟು, ಶ್ರುತಿ, ವಾದ್ಯ

ಸಿನಿಮಾ ಹಾಡಿನ ಮಟ್ಟಿಗೆ ಹೊಸ ಸಾಹಿತ್ಯ ಕೂರಿಸುವ ಆಸೆ ಬರುತ್ತದೆ. ಕಂಪನಿ ನಾಟಕದ ಕಾಲದಲ್ಲೂ ಮರಾಠಿ, ಪಾರ್ಸಿ ನಾಟಕಗಳ ಮಟ್ಟು ತಂದು ಹಾಡುತ್ತಿದ್ದರು. ಆದರೂ ಬೇಡ ಅನ್ನುತ್ತೇನೆ. ಹಕ್ಕಿನ ತೊಂದರೆ ಒಂದು ಕಡೆ. ಅದಕ್ಕಿಂತ ದೊಡ್ಡ ತೊಂದರೆ, ಮಟ್ಟು ಕೇಳಿದ ಕೂಡಲೇ ಜನರ ಕಣ್ಣ ಮುಂದೆ ಆ ಸಿನಿಮಾದ ನಾಯಕ ಬಂದು ನಿಲ್ಲುತ್ತಾನೆ. ನಿಮ್ಮ ಭಾಗೀರಥಿ ಮರೆಯಾಗುತ್ತಾಳೆ. ನಿಮ್ಮ ಊರಿನ ಸೋಬಾನೆ, ಬೀಸುವ ಹಾಡು, ಕೋಲಾಟದ ಪದ, ತತ್ವಪದಗಳ ಧಾಟಿ ಕೇಳಿ. ಅಜ್ಜಿಯರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಮಣ್ಣು ಹೊರುವ ಹಾಡು ಹುಟ್ಟಿದ್ದು ಹಾಗೆ ಸಿಕ್ಕ ಒಂದು ಬೀಸುವ ಪದದಿಂದ.

ಒಂದು ಚಿಕ್ಕ ಮಟ್ಟನ್ನು ನಾಟಕದುದ್ದಕ್ಕೂ ಮತ್ತೆ ಮತ್ತೆ ತನ್ನಿ. ನಾವು ನೀರಿಗೆ ಐದು ಸ್ವರದ ಒಂದು ತುಣುಕು ಇಟ್ಟುಕೊಂಡೆವು. ಮೊದಲು ಬಾವಿ ಸೇದುವಾಗ ಗುನುಗಿನಂತೆ ಬರುತ್ತದೆ. ಪೂಜೆಯಲ್ಲಿ ಎಲ್ಲರೂ ಹಾಡುತ್ತಾರೆ. ಮೆಟ್ಟಿಲ ದೃಶ್ಯದಲ್ಲಿ ಅದೇ ತುಣುಕು ಒಂದೊಂದೇ ಸ್ವರ ಮೇಲೇರುತ್ತದೆ. ಕೇಳುವವರಿಗೆ ಯಾಕೆ ಅಂತ ಗೊತ್ತಾಗದೆಯೇ ಭಯ ಹತ್ತುತ್ತದೆ.

ರಂಗನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ನಾಟಕ ಕಂಪನಿ ಸೇರಿದವರು. ಆ ಸಂಗೀತವನ್ನು ಮೈಗೂಡಿಸಿಕೊಂಡೇ ಅವರು ಹೊಸ ದಾರಿ ಹುಡುಕಿದರು. ರಂಗಸಂಗೀತಕ್ಕೆ ದೊಡ್ಡ ವಾದ್ಯಗೋಷ್ಠಿ ಬೇಕಿಲ್ಲ, ಕೈಗೆ ಸಿಕ್ಕಿದ ವಸ್ತುವೂ ನುಡಿಯುತ್ತದೆ ಅಂತ ತೋರಿಸಿಕೊಟ್ಟರು. ಈ ಪಾಠ ಸಣ್ಣ ತಂಡಕ್ಕೆ ವರ. ನಮ್ಮ ನೀರಿನ ಸದ್ದೆಲ್ಲ ಎರಡು ಹಿತ್ತಾಳೆ ಬಿಂದಿಗೆಯದ್ದು. ಬರಿದಾದ ಬಿಂದಿಗೆಯ ಬಾಯಿಗೆ ಅಂಗೈ ಬಡಿದರೆ ಒಂದು ದನಿ, ಅರ್ಧ ತುಂಬಿದಾಗ ಇನ್ನೊಂದು ದನಿ.

ಶ್ರುತಿಯನ್ನು ಮೊದಲೇ ಗೊತ್ತು ಮಾಡಿ. ಗಂಡಸರಿಗೆ ಹಾರ್ಮೋನಿಯಂ ಮನೆಗಳಲ್ಲಿ ಬಿಳಿ ಒಂದು, ಕಪ್ಪು ಒಂದು ಹೊಂದಿದರೆ ಹೆಂಗಸರಿಗೆ ಸಾಮಾನ್ಯವಾಗಿ ಬಿಳಿ ಐದರ ಹತ್ತಿರ ಬೇಕಾಗುತ್ತದೆ. ಒಟ್ಟಿಗೆ ಹಾಡುವ ಜಾಗದಲ್ಲಿ ಯಾರದ್ದಾದರೂ ಗಂಟಲು ಸೋಲುತ್ತದೆ. ಅಲ್ಲಿ ಸ್ವರದ ಹರವು ಚಿಕ್ಕದಿರುವ ಮಟ್ಟು ಆರಿಸಿ. ನಟರಿಗೆ ಶಾಸ್ತ್ರೀಯ ತರಬೇತಿ ಇಲ್ಲ ಅಂತ ಹಿಂಜರಿಯಬೇಡಿ. ಕಥೆ ತಿಳಿದು ಹಾಡುವ ಒರಟು ದನಿ ರಂಗದ ಮೇಲೆ ಬಹಳ ದೂರ ಹೋಗುತ್ತದೆ. ರೆಕಾರ್ಡ್ ಮಾಡಿದ ಟ್ರ್ಯಾಕಿಗೆ ಬಾಯಿ ಆಡಿಸುವುದು ಮಾತ್ರ ಬೇಡವೇ ಬೇಡ. ನಟಿ ಒಂದು ಕ್ಷಣ ಜಾಸ್ತಿ ಮೌನವಾಗಿ ನಿಂತರೆ ಹಾರ್ಮೋನಿಯಂನವರು ಕಾಯುತ್ತಾರೆ. ಟ್ರ್ಯಾಕ್ ಕಾಯುವುದಿಲ್ಲ.

ಹಂತ 8: ತಾಲೀಮು

ಎಂಟು ವಾರ, ವಾರಕ್ಕೆ ಮೂರು ಸಂಜೆ. ಮೊದಲ ವಾರ ಕೂತು ಓದುವುದು ಮಾತ್ರ. ಎರಡು ಮೂರನೆಯ ವಾರ ಹಾಡುಗಳು, ಎಲ್ಲರಿಗೂ ಎಲ್ಲ ಹಾಡು ಬರಬೇಕು. ನಾಲ್ಕರಿಂದ ಆರರವರೆಗೆ ದೃಶ್ಯಗಳು. ಹಾಡು ಬೇರೆ, ಅಭಿನಯ ಬೇರೆ ಕಲಿಸಿ ಕೊನೆಗೆ ಜೋಡಿಸಬೇಡಿ. ಮಾತಿನಿಂದ ಹಾಡಿಗೆ ಹೋಗುವ ಆ ಒಂದು ಉಸಿರನ್ನೇ ಮತ್ತೆ ಮತ್ತೆ ಮಾಡಿಸಿ. ಮಾತು ನಿಂತು, ಹಾರ್ಮೋನಿಯಂ ಶುರುವಾಗಿ, ನಟಿ ಕೈಕಟ್ಟಿ ಕಾಯುತ್ತ ನಿಂತರೆ ನಾಟಕ ಅಲ್ಲೇ ಸಾಯುತ್ತದೆ. ಮಾತಿನ ಕೊನೆಯ ಪದವೇ ಹಾಡಿನ ಮೊದಲ ಸ್ವರಕ್ಕೆ ಜಾರಬೇಕು. ಏಳನೆಯ ವಾರ ಮೊದಲಿನಿಂದ ಕೊನೆಯವರೆಗೆ ನಿಲ್ಲದ ಪೂರ್ತಿ ಓಟ. ಎಂಟನೆಯ ವಾರ ದೀಪ, ಮೈಕು, ಉಡುಪು.

ಏಳನೆಯ ವಾರ ನಾಟಕ ಗೊತ್ತಿಲ್ಲದ ನಾಲ್ಕು ಜನರನ್ನು ಕರೆದು ತೋರಿಸಿ. ಅವರು ಹೇಳುವ ಅಭಿಪ್ರಾಯಕ್ಕಿಂತ ಅವರು ಯಾವಾಗ ಮೊಬೈಲ್ ನೋಡಿದರು ಅನ್ನುವುದನ್ನು ಗುರುತು ಹಾಕಿಕೊಳ್ಳಿ. ತಿದ್ದಲು ಹೆದರಬೇಡಿ. ಬ್ರಾಡ್‌ವೇ ನಾಟಕಗಳನ್ನು ಮೊದಲು ಬೇರೆ ಊರುಗಳಲ್ಲಿ ಆಡಿ ನೋಡುತ್ತಿದ್ದರು. 1943ರ 'ಓಕ್ಲಹೋಮ' ನ್ಯೂ ಹೇವನ್‌ನಲ್ಲಿ ಬೇರೆಯೇ ಹೆಸರಿನಲ್ಲಿ ಶುರುವಾಗಿತ್ತು. ನ್ಯೂಯಾರ್ಕಿಗೆ ಬರುವ ದಾರಿಯಲ್ಲಿ ಹಾಡು ತಿದ್ದಿದರು, ಹೆಸರನ್ನೂ ಬದಲಿಸಿದರು. ನಾವು ಎಂಟನೆಯ ವಾರದಲ್ಲಿ ಸೊಸೆಯಂದಿರ ಹಾಡು ತೆಗೆದೆವು. ಅದನ್ನು ಬರೆದವರು ಒಂದು ದಿನ ಮಾತು ಬಿಟ್ಟರು. ಮಾರನೆಯ ದಿನ ಅವರೇ ಬಂದು ಈಗ ಓಟ ಸರಿಯಾಯಿತು ಅಂದರು.

ಹಂತ 9: ರಂಗದ ಮೇಲೆ

ಒಂದು ಗಂಟೆಯ ನಾಟಕಕ್ಕೆ ದೊಡ್ಡ ಸೆಟ್ಟು ಬೇಡ. ನಮ್ಮಲ್ಲಿ ಇದ್ದದ್ದು ಐದು ಮರದ ಮೆಟ್ಟಿಲು, ಎರಡು ಬಿಂದಿಗೆ, ಒಂದು ಮಣೆ. ಮೇಳದವರು ಪೂರ್ತಿ ಸಮಯ ರಂಗದ ಮೇಲೇ ಇದ್ದರು. ಕೆರೆ ತುಂಬುವಾಗ ನೆಲದ ಮೇಲೆ ಕೂತಿದ್ದ ಮೇಳದ ಹೆಂಗಸರು ಒಬ್ಬೊಬ್ಬರಾಗಿ ಮಂಡಿಗೆ ಏಳುತ್ತಾರೆ, ಆಮೇಲೆ ನಿಲ್ಲುತ್ತಾರೆ, ಕೊನೆಗೆ ಭಾಗೀರಥಿ ಕಾಣದಂತಾಗುತ್ತಾಳೆ. ನೀರೂ ಅವರೇ, ಊರೂ ಅವರೇ.

ಮೈಕಿನ ವಿಷಯದಲ್ಲಿ ಜಾಗ್ರತೆ. ಒಮ್ಮೆ ಬಾಡಿಗೆಗೆ ತಂದ ಕಾಲರ್ ಮೈಕು ನಡುವೆ ಸತ್ತು ಹೋಯಿತು. ಅಂದಿನಿಂದ ರಂಗದ ಮುಂದೆ ನೆಲದಲ್ಲಿ ಎರಡು ಮೈಕು ಇಟ್ಟೇ ಇಡುತ್ತೇವೆ. ಹಾರ್ಮೋನಿಯಂಗೆ ಹಾಕುವ ಮೈಕಿನ ದನಿಯನ್ನು ಹಾಡುವವರ ದನಿಗಿಂತ ಕೆಳಗೆ ಇಡಿಸಿ. ಸಾಹಿತ್ಯ ಕೇಳದಿದ್ದರೆ ಕಥೆ ನಿಲ್ಲುತ್ತದೆ.

ಕೊನೆಯ ದೃಶ್ಯದಲ್ಲಿ ಮಾದೇವರಾಯ ಕೆರೆಗೆ ಹಾರುತ್ತಾನೆ. ಅಲ್ಲಿಗೂ ಒಂದು ಹಾಡು ಬರೆದಿದ್ದೆವು, ಚೆನ್ನಾಗಿಯೂ ಇತ್ತು. ಗ್ರ್ಯಾಂಡ್ ರಿಹರ್ಸಲ್ ದಿನ ತೆಗೆದೆವು. ಈಗ ಅವನು ಮೆಟ್ಟಿಲ ತುದಿಯಲ್ಲಿ ನಿಂತ ಕೂಡಲೇ ದೀಪ ಆರುತ್ತದೆ. ಬಿಂದಿಗೆಯ ಬಾಯಿಗೆ ಒಂದೇ ಒಂದು ಪೆಟ್ಟು. ಮತ್ತೆ ಬೆಳಕು ಬಂದಾಗ ಏರಿಯ ಮೇಲೆ ಮುದುಕಿ ಗೆಳತಿ ಕೂತಿರುತ್ತಾಳೆ. ನೀರಿಗೆ ಬಂದ ಹುಡುಗಿಯರಲ್ಲಿ ಒಬ್ಬಳು ಕೇಳುತ್ತಾಳೆ: "ಅಜ್ಜಿ, ನೀ ಯಾಕ ಯಾರಿಗೂ ಹೇಳಲಿಲ್ಲ?"

ಅವಳು ತವರಿನ ಬಾವಿಯ ಹಾಡಿನ ಮೊದಲ ಸಾಲು ಶುರು ಮಾಡುತ್ತಾಳೆ. ಎರಡನೆಯ ಸಾಲಿಗೆ ಬರುವ ಮುಂಚೆ ಪರದೆ.